ನಾನು ಸತ್ತಾಗ ನಿಮ್ಮ ಕಂಪ್ನಿ ಇರ್ತದಾ?

ತೀರ್ಥಹಳ್ಳಿ ಹತ್ತಿರ ನಮ್ಮಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟವಿತ್ತು. ಅದರಲ್ಲಿ ಐದು ಜನರ ಹೊಟ್ಟೆ ತುಂಬದು ಅಂತ ಎಲ್‌ಐಸಿ ಏಜೆನ್ಸಿ ಹಿಡಿದಿದ್ದರು. ಭಾನುವಾರ ಲೂನಾದ ಹಿಂದೆ ನನ್ನನ್ನು ಕೂರಿಸಿಕೊಂಡು ಆಗುಂಬೆ ರಸ್ತೆಯ ಮನೆಗಳನ್ನು ಸುತ್ತುತ್ತಿದ್ದರು. ಮೇಗರವಳ್ಳಿಯಿಂದ ಸ್ವಲ್ಪ ಒಳಗೆ ಒಬ್ಬರ ಮನೆ. ಅವರು ಜಗಲಿಯಲ್ಲಿ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಲೇ ಅಪ್ಪನ ಮಾತೆಲ್ಲ ಕೇಳಿದರು. ಮೆಚ್ಯೂರಿಟಿ, ಬೋನಸ್, ತೆರಿಗೆ ಉಳಿತಾಯ ಎಲ್ಲ ಮುಗಿದ ಮೇಲೆ ತಲೆ ಎತ್ತದೆ ಒಂದೇ ಪ್ರಶ್ನೆ ಕೇಳಿದರು: "ಅಲ್ಲ ಮಾರಾಯಾ, ನಾನು ಸಾಯೋದು ಇನ್ನು ಮೂವತ್ತು ವರ್ಷಕ್ಕೋ ನಲವತ್ತು ವರ್ಷಕ್ಕೋ. ಆಗ ನಿಮ್ಮ ಕಂಪ್ನಿ ಇರ್ತದಾ?"

"ಸರ್ಕಾರ ಇರೋ ತನಕ ಇರ್ತದೆ" ಅಂದರು ಅಪ್ಪ. ಪಾಲಿಸಿ ಆಯಿತು.

ಅಪ್ಪ ಹೇಳಿದ್ದು ಬರೀ ಮಾತಿನ ಚಮತ್ಕಾರವಲ್ಲ ಅಂತ ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. 1956ರ ಎಲ್‌ಐಸಿ ಕಾಯ್ದೆಯ 37ನೇ ಸೆಕ್ಷನ್ನಿನಲ್ಲಿ ಪಾಲಿಸಿಯ ಹಣಕ್ಕೆ ಕೇಂದ್ರ ಸರ್ಕಾರದ ಖಾತರಿ ಇದೆ. ಸುಲಿಯುವವರ ಅನುಮಾನವೂ ಬರೀ ಕುಹಕವಾಗಿರಲಿಲ್ಲ. ಆ ವರ್ಷ ಸರ್ಕಾರ ವಹಿಸಿಕೊಂಡದ್ದು ಒಟ್ಟು 245 ವಿಮಾ ಕಂಪನಿ ಮತ್ತು ಪ್ರಾವಿಡೆಂಟ್ ಸೊಸೈಟಿಗಳನ್ನು. ಅದಕ್ಕೂ ಮುಂಚೆ ಪಾಲಿಸಿದಾರರ ದುಡ್ಡನ್ನು ಮಾಲೀಕರು ತಮ್ಮ ಬೇರೆ ವ್ಯಾಪಾರಕ್ಕೆ ಎಳೆದುಕೊಂಡ ಕಥೆಗಳು ಬೇಕಾದಷ್ಟಿದ್ದವು. 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎತ್ತಿದ್ದು ಅಂಥದೇ ಒಂದು ಕಥೆ. ಮಲೆನಾಡಿನ ಮುದುಕರ ಕಿವಿಗೆ ಅವು ಬಿದ್ದಿದ್ದವು.

ಈಗ ಆ ಪ್ರಶ್ನೆಗೆ ಉತ್ತರ ಬರೆಯುವುದೇ ನನ್ನ ಉದ್ಯೋಗ. ಬೆಂಗಳೂರಿನ ಒಂದು ಗಾಜಿನ ಕಟ್ಟಡದ ಏಳನೇ ಮಹಡಿಯಲ್ಲಿ ಕೂತು, ಯುರೋಪಿನ ವಿಮಾ ಕಂಪನಿಗಳಿಗೆ 'ಓರ್ಸಾ' ಎಂಬ ವರದಿಯ ಲೆಕ್ಕ ಮಾಡಿಕೊಡುತ್ತೇನೆ. ಕಂಪನಿ ತನ್ನ ಅಪಾಯಗಳನ್ನೂ ಅವನ್ನು ತಾಳಿಕೊಳ್ಳುವ ಶಕ್ತಿಯನ್ನೂ ತಾನೇ ತೂಗಿ ನೋಡಿ ಬರೆಯಬೇಕಾದ ವರದಿ ಅದು. ಹೆಸರು ಇಂಗ್ಲಿಷಿನ ನಾಲ್ಕು ಪದಗಳ ಮೊದಲ ಅಕ್ಷರಗಳಿಂದ ಬಂದದ್ದು. ಇಟಲಿಯ ಭಾಷೆಯಲ್ಲಿ ಮಾತ್ರ 'ಓರ್ಸಾ' ಅಂದರೆ ಹೆಣ್ಣು ಕರಡಿ. ಮಿಲಾನಿನ ಸಹೋದ್ಯೋಗಿಯೊಬ್ಬಳು ಪ್ರತಿ ವರ್ಷ ವರದಿ ಶುರುವಾಗುವಾಗ "ಕರಡಿ ಎದ್ದಿತು" ಅಂತ ಸಂದೇಶ ಕಳಿಸುತ್ತಾಳೆ.

ಈ ವರದಿ ಯಾಕೆ ಬೇಕು ಅನ್ನುವುದಕ್ಕೆ ಮೊದಲು ವಿಮೆ ಎಂಥ ತಲೆಕೆಳಗಾದ ವ್ಯಾಪಾರ ಅಂತ ನೋಡಬೇಕು. ಅಕ್ಕಿ ಅಂಗಡಿಯವನು ಅಕ್ಕಿ ತಂದ ಬೆಲೆ ನೋಡಿ ಮಾರುವ ಬೆಲೆ ಇಡುತ್ತಾನೆ. ವಿಮೆಯವನು ಮೊದಲು ಮಾರುತ್ತಾನೆ, ದುಡ್ಡು ಎಣಿಸಿಕೊಳ್ಳುತ್ತಾನೆ, ಸರಕಿನ ಅಸಲು ಎಷ್ಟು ಅಂತ ಅವನಿಗೆ ತಿಳಿಯುವುದು ಹತ್ತು, ಇಪ್ಪತ್ತು, ನಲವತ್ತು ವರ್ಷಗಳ ಮೇಲೆ. ಅಲ್ಲಿಯ ತನಕ ಪೆಟ್ಟಿಗೆ ತುಂಬಿಯೇ ಇರುತ್ತದೆ. ಬೆಲೆ ಕಡಿಮೆ ಇಟ್ಟವನ ಪೆಟ್ಟಿಗೆ ಇನ್ನೂ ಬೇಗ ತುಂಬುತ್ತದೆ. ಮುಳುಗುವ ವಿಮಾ ಕಂಪನಿ ಮುಳುಗುವ ಹಿಂದಿನ ವರ್ಷಗಳಲ್ಲಿ ಭರ್ಜರಿಯಾಗಿ ಬೆಳೆಯುತ್ತಿರುವುದು ಅಪರೂಪವೇನಲ್ಲ.

ಹಾಗಾಗಿ ಎಲ್ಲ ದೇಶಗಳ ನಿಯಂತ್ರಕರೂ ಒಂದು ಗೆರೆ ಎಳೆದಿದ್ದಾರೆ. ಕೊಡಬೇಕಾದ್ದನ್ನೆಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯುವ ಆಸ್ತಿ ಇಂತಿಷ್ಟು ಇರಲೇಬೇಕು. ಇದೇ ಸಾಲ್ವೆನ್ಸಿ. ನಮ್ಮಲ್ಲಿ ಹೈದರಾಬಾದಿನ ಐಆರ್‌ಡಿಎಐ ಈ ಅನುಪಾತ 1.5 ಇರಬೇಕು ಅನ್ನುತ್ತದೆ: ನೂರು ರೂಪಾಯಿ ಬೇಕಾದ ಕಡೆ ನೂರೈವತ್ತು. ಆ 'ನೂರು' ಹೇಗೆ ಹುಟ್ಟುತ್ತದೆ? ಸಾಮಾನ್ಯ ವಿಮೆಯಲ್ಲಿ, ಸ್ಥೂಲವಾಗಿ, ವರ್ಷದ ನಿವ್ವಳ ಪ್ರೀಮಿಯಂನ ಶೇ. 20 ಅಥವಾ ಕ್ಲೇಮುಗಳ ಶೇ. 30, ಯಾವುದು ಜಾಸ್ತಿಯೋ ಅದು. ಸೂತ್ರ ಸರಳ, ಲೆಕ್ಕ ಹಾಕುವುದು ಸುಲಭ. ಆದರೆ ಒಂದು ವಕ್ರ ನೋಡಿ. ಕಂಪನಿ ಪೈಪೋಟಿಗೆ ಬಿದ್ದು ಪ್ರೀಮಿಯಂ ಇಳಿಸಿತು ಅನ್ನಿ. ಅಪಾಯ ಹಾಗೇ ಇದೆ, ಬರುವ ದುಡ್ಡು ಕಡಿಮೆಯಾಗಿದೆ, ಅಂದರೆ ಪರಿಸ್ಥಿತಿ ಕೆಟ್ಟಿದೆ. ಪ್ರೀಮಿಯಂ ಕಡೆಯ ಲೆಕ್ಕ ಮಾತ್ರ "ನಿನಗೆ ಈಗ ಕಡಿಮೆ ಬಂಡವಾಳ ಸಾಕು" ಅನ್ನುತ್ತದೆ. ಕ್ಲೇಮುಗಳು ಬಂದು ಬಡಿಯುವ ತನಕ ಸೂತ್ರಕ್ಕೆ ಇದು ಕಾಣುವುದೇ ಇಲ್ಲ.

ಸೂತ್ರಕ್ಕೆ ಕಾಣದ್ದು ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ನಾನು ಹೊಸದಾಗಿ ಸೇರಿದ ಹುಡುಗರಿಗೆ ಯಾವಾಗಲೂ ಹೇಳುವುದು ಇಂಗ್ಲೆಂಡಿನ ಈಕ್ವಿಟಬಲ್ ಲೈಫ್ ಸೊಸೈಟಿಯ ಕಥೆ. 1762ರಲ್ಲಿ ಹುಟ್ಟಿದ ಸಂಸ್ಥೆ. ಆಯಸ್ಸಿನ ಗಣಿತ ಹಾಕಿ ಪ್ರೀಮಿಯಂ ಕಟ್ಟುವ ಪದ್ಧತಿ ಬೆಳೆದದ್ದು ಅಲ್ಲಿ, 'ಆಕ್ಚುವರಿ' ಅನ್ನುವ ಹುದ್ದೆಯ ಹೆಸರು ಬಂದದ್ದೂ ಅಲ್ಲಿಂದಲೇ. ಒಂದರ್ಥದಲ್ಲಿ ನನ್ನ ಕಸುಬಿನ ತವರುಮನೆ. ಶೇರುದಾರರಿಲ್ಲ, ಸದಸ್ಯರೇ ಒಡೆಯರು. ಬಂದ ಲಾಭವನ್ನೆಲ್ಲ ಸದಸ್ಯರಿಗೇ ಹಂಚುತ್ತೇವೆ, ಗಂಟು ಕಟ್ಟಿ ಇಟ್ಟುಕೊಳ್ಳುವುದಿಲ್ಲ ಅನ್ನುವುದು ಅವರ ಹೆಮ್ಮೆ.

1957ರಿಂದ 1988ರವರೆಗೆ ಅವರು ಮಾರಿದ ಪಿಂಚಣಿ ಪಾಲಿಸಿಗಳಲ್ಲಿ ಒಂದು ಪುಟ್ಟ ಷರತ್ತಿತ್ತು: ನಿವೃತ್ತಿಯ ದಿನ ಕೂಡಿದ ಹಣಕ್ಕೆ ವರ್ಷಕ್ಕೆ ಕನಿಷ್ಠ ಇಷ್ಟು ಪಿಂಚಣಿ ಕೊಟ್ಟೇ ಕೊಡುತ್ತೇವೆ ಎಂಬ ಖಾತರಿ. ಮಾರುವಾಗ ಬಡ್ಡಿದರ ಎತ್ತರದಲ್ಲಿತ್ತು, ಖಾತರಿ ಬರೀ ಅಲಂಕಾರದಂತೆ ಕಾಣುತ್ತಿತ್ತು, ಅದಕ್ಕೆ ಪ್ರತ್ಯೇಕವಾಗಿ ದುಡ್ಡು ತೆಗೆದಿಡಲಿಲ್ಲ. ತೊಂಬತ್ತರ ದಶಕದಲ್ಲಿ ಬಡ್ಡಿ ಇಳಿಯಿತು, ಜನ ಹೆಚ್ಚು ವರ್ಷ ಬದುಕತೊಡಗಿದರು, ಅಲಂಕಾರ ಉರುಳಾಯಿತು. ಖಾತರಿ ಆರಿಸಿಕೊಂಡವರಿಗೆ ಕೊನೆಯ ಬೋನಸ್ಸನ್ನು ಕಡಿತ ಮಾಡಿ ಸರಿದೂಗಿಸಲು ಸೊಸೈಟಿ ನೋಡಿತು. ಪಾಲಿಸಿದಾರರು ತಕರಾರು ಎತ್ತಿದರು, ವಿಷಯ ಕೋರ್ಟಿಗೆ ಹೋಯಿತು. 2000ದ ಜುಲೈ 20ರಂದು ಹೌಸ್ ಆಫ್ ಲಾರ್ಡ್ಸ್ ಹಾಗೆ ಮಾಡುವಂತಿಲ್ಲ ಅಂದಿತು. ತೀರ್ಪಿನ ಬೆಲೆ ಸುಮಾರು 150 ಕೋಟಿ ಪೌಂಡ್. ಗಂಟು ಕಟ್ಟದ ಸಂಸ್ಥೆಯ ಹತ್ತಿರ ಗಂಟು ಎಲ್ಲಿಂದ ಬರಬೇಕು? ಕೊಳ್ಳುವವರು ಸಿಗಲಿಲ್ಲ. ಡಿಸೆಂಬರ್ 8ರಂದು ಹೊಸ ವ್ಯಾಪಾರಕ್ಕೆ ಬಾಗಿಲು ಹಾಕಿತು. ಮರುವರ್ಷ ಪಿಂಚಣಿ ಪಾಲಿಸಿಗಳ ಮೌಲ್ಯವನ್ನು ಶೇ. 16ರಷ್ಟು ಕತ್ತರಿಸಿತು.

2004ರಲ್ಲಿ ಬಂದ ಲಾರ್ಡ್ ಪೆನ್‌ರೋಸ್ ವರದಿ ಎಂಟುನೂರು ಪುಟ ದಾಟುತ್ತದೆ. ನಾನು ಅದನ್ನು ಪೂರ್ತಿ ಓದಿದ್ದು ಎರಡನೇ ಹೆರಿಗೆಯ ರಜೆಯಲ್ಲಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು. ನನ್ನನ್ನು ಕಾಡಿದ ಸಂಗತಿ ಒಂದು. ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕನೂ, ಅದರ ಲೆಕ್ಕ ಸರಿಯಿದೆಯೇ ಅಂತ ಹೇಳಬೇಕಾದ ಆಕ್ಚುವರಿಯೂ ಹಲವು ವರ್ಷ ಒಬ್ಬನೇ ಮನುಷ್ಯ. ಗಾಡಿ ಹೊಡೆಯುವವನೇ ಗಾಡಿಯ ಅಚ್ಚನ್ನೂ ಪರೀಕ್ಷೆ ಮಾಡಬೇಕು. ಬೋರ್ಡಿನ ಉಳಿದವರಿಗೆ ಆ ಖಾತರಿಯ ಭಾರ ಎಷ್ಟು ಅಂತ ಸರಿಯಾಗಿ ಗೊತ್ತಿರಲಿಲ್ಲ. ಕಾನೂನಿನ ಗೆರೆ ದಾಟಿದ್ದೇವೆ ಎಂಬ ಕಾಗದ ಮಾತ್ರ ವರ್ಷವರ್ಷವೂ ಬರುತ್ತಿತ್ತು.

ಯುರೋಪ್ ಇಂಥ ಪೆಟ್ಟುಗಳನ್ನೆಲ್ಲ ಎದುರಿಗಿಟ್ಟುಕೊಂಡು 2009ರಲ್ಲಿ ಸಾಲ್ವೆನ್ಸಿ-2 ಎಂಬ ಕಾನೂನು ಮಾಡಿತು. ಜಾರಿಗೆ ಬಂದದ್ದು 2016ರ ಜನವರಿ 1ಕ್ಕೆ. ಅದರಲ್ಲೂ ಒಂದು ಸೂತ್ರವಿದೆ, ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಇನ್ನೂರು ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ವರ್ಷವನ್ನು ತಾಳಿಕೊಳ್ಳುವಷ್ಟು ಬಂಡವಾಳ ಇರಬೇಕು ಅನ್ನುವುದು ಅದರ ತಿರುಳು. (ಇನ್ನೂರು ವರ್ಷಕ್ಕೊಮ್ಮೆ ಅಂದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಇನ್ನೂರು ಕಂಪನಿಗಳಿದ್ದರೆ ಸರಾಸರಿ ವರ್ಷಕ್ಕೊಂದಕ್ಕೆ ಆ ವರ್ಷ ಬರುತ್ತದೆ ಅಂತ ಯಾರೂ ಯೋಚಿಸುವುದಿಲ್ಲ.) ಸೂತ್ರ ಎಷ್ಟೇ ಸೂಕ್ಷ್ಮವಾದರೂ ಎಲ್ಲರಿಗೂ ಒಂದೇ ಅಳತೆಯ ಅಂಗಿ. ಅದಕ್ಕೇ 45ನೇ ವಿಧಿಯಲ್ಲಿ ಓರ್ಸಾ ಸೇರಿಸಿದರು. ಅದು ಕಂಪನಿಯನ್ನು ಕೇಳುವುದು ಇಷ್ಟು: ನಿನ್ನ ವ್ಯಾಪಾರ, ನಿನ್ನ ಯೋಜನೆ, ನೀನು ತಾಳುತ್ತೇನೆ ಅಂತ ಒಪ್ಪಿಕೊಂಡ ಅಪಾಯ, ಇವಕ್ಕೆ ನಿಜವಾಗಿ ಎಷ್ಟು ಬಂಡವಾಳ ಬೇಕು? ಕಾನೂನಿನ ಗೆರೆಯ ಮೇಲೆ ಇವತ್ತು ಮಾತ್ರವಲ್ಲ, ಮುಂದಿನ ವರ್ಷಗಳಲ್ಲೂ ನಿಲ್ಲುತ್ತೀಯಾ? ನಮ್ಮ ಸೂತ್ರ ನಿನಗೆ ಎಲ್ಲಿ ಹೊಂದುವುದಿಲ್ಲ?

ಮೂರನೆಯದು ನನಗೆ ಬಹಳ ಇಷ್ಟ. ನಿಯಂತ್ರಕನೇ "ನನ್ನ ಅಳತೆಗೋಲು ನಿನ್ನಲ್ಲಿ ಎಲ್ಲಿ ತಪ್ಪುತ್ತದೆ ಹೇಳು" ಅಂತ ಕೇಳುವ ಕಾನೂನು ಎಷ್ಟಿವೆ? ಉತ್ತರವನ್ನು ಬೋರ್ಡು ಹೊತ್ತುಕೊಳ್ಳಬೇಕು, ಸಲಹೆಗಾರರ ತಲೆಗೆ ಕಟ್ಟುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಮಾಡಬೇಕು, ನಡುವೆ ಪರಿಸ್ಥಿತಿ ಬದಲಾದರೆ ತಡಮಾಡದೆ ಮತ್ತೆ ಮಾಡಬೇಕು, ಮುಗಿದ ಎರಡು ವಾರದೊಳಗೆ ನಿಯಂತ್ರಕನ ಕೈಗೆ ತಲುಪಬೇಕು. ಅಮೆರಿಕದ ರಾಜ್ಯಗಳ ವಿಮಾ ಆಯುಕ್ತರ ಸಂಘ 2012ರಲ್ಲಿ ಇದರ ಮಾದರಿ ಕಾಯ್ದೆ ಮಾಡಿತು. ಕೆನಡಾದಲ್ಲಿ 2014ರಿಂದ ಇದೆ.

ಅಪ್ಪನಿಗೆ ಇದನ್ನೆಲ್ಲ ಹೇಳಲು ಹೋದಾಗ ಅವರು ತೋಟದ ಭಾಷೆಗೆ ತಿರುಗಿಸಿಕೊಂಡರು. "ಸೊಸೈಟಿಯವ್ರು ಎಕರೆಗೆ ಇಷ್ಟು ಸಾಲ ಅಂತಾರಲ್ಲ, ಅದು ನಿಮ್ಮ ಸೂತ್ರ. ನನ್ನ ತೋಟದ ಕೆಳಗಿನ ಎರಡು ಸಾಲಿಗೆ ಬಿಸಿಲು ಬೀಳಲ್ಲ, ಬಸಿಗಾಲುವೆ ಕಟ್ಟಿದೆ, ಮಳೆ ಜೋರಾದರೆ ಮೊದಲು ಕೊಳೆ ಬರೋದು ಅಲ್ಲಿಗೇ ಅಂತ ಗೊತ್ತಿರೋದು ನನಗೆ. ಅದನ್ನ ನಾನೇ ಬರೆದು ಕೊಡಬೇಕು ಅಂತೀಯ." ಸ್ವಲ್ಪ ಹೊತ್ತು ಬಿಟ್ಟು, "ಯಾರಾದ್ರೂ ನಿಜ ಬರೀತಾರಾ?" ಅಂದರು.

ನಿಜ ಹೇಳಬೇಕೆಂದರೆ, ಯಾವಾಗಲೂ ಬರೆಯುವುದಿಲ್ಲ. ನಾನೇ ಬರೆದಿಲ್ಲ. ಈ ಕೆಲಸದ ಮೊದಲ ವರ್ಷಗಳಲ್ಲಿ ಒಂದು ಕಂಪನಿಯ ವರದಿಯನ್ನು ಹಿಂದಿನ ವರ್ಷದ ಕಡತ ತೆರೆದು ಅಂಕಿ, ಇಸವಿ ಬದಲಿಸಿ ಮುಗಿಸಿದ್ದೆ. ನೂರಾ ಹತ್ತು ಪುಟ. ಒಂದು ಕಡೆ "ಮುಂದಿನ ವರ್ಷ ಪ್ರಾರಂಭಿಸಲಿರುವ ಶಾಖೆ" ಎಂಬ ಸಾಲು ಹಾಗೇ ಉಳಿದಿತ್ತು. ಆ ಶಾಖೆ ಅಷ್ಟರಲ್ಲಿ ಶುರುವಾಗಿ, ನಷ್ಟವಾಗಿ, ಮುಚ್ಚಿಯೂ ಆಗಿತ್ತು. ವರದಿ ಮೂರು ಸಮಿತಿ ದಾಟಿತು, ಬೋರ್ಡು ಒಪ್ಪಿತು, ನಿಯಂತ್ರಕರಿಗೂ ಹೋಯಿತು. ಒಬ್ಬರೂ ಕೇಳಲಿಲ್ಲ. ಮರುವರ್ಷ ಆ ಸಾಲು ನನ್ನ ಕಣ್ಣಿಗೇ ಬಿತ್ತು. ಆಮೇಲೆ ಬಹಳ ದಿನ ನಿದ್ದೆ ಸರಿಯಾಗಿ ಬರಲಿಲ್ಲ. ತಪ್ಪು ಮಾಡಿದ್ದಕ್ಕಿಂತ, ಯಾರೂ ಓದಿರಲಿಲ್ಲವಲ್ಲ ಅನ್ನುವುದೇ ಹೆದರಿಕೆ.

ಅದಾದ ಮೇಲೆ ನಾನು ಕಲಿತ ದಾರಿ ಒಂದು: ಹಿಂದಿನಿಂದ ಶುರು ಮಾಡುವುದು. ನಮ್ಮವರು ಇದಕ್ಕೆ ರಿವರ್ಸ್ ಸ್ಟ್ರೆಸ್ ಟೆಸ್ಟ್ ಅನ್ನುತ್ತಾರೆ. "ಬಡ್ಡಿ ಶೇ. 1 ಇಳಿದರೆ ಏನಾಗುತ್ತದೆ" ಅಂತ ಕೇಳುವ ಬದಲು, "ಕಂಪನಿ ಸತ್ತಿದೆ, ಹೇಗೆ ಸತ್ತಿತು ಹೇಳಿ" ಅಂತ ಕೇಳುವುದು. ಒಂದು ಮಧ್ಯಾಹ್ನ ಕೋಣೆಯಲ್ಲಿದ್ದ ಹನ್ನೆರಡು ಜನರಿಗೆ ಒಂದೊಂದು ಹಾಳೆ ಕೊಟ್ಟು, ಐದು ವರ್ಷದ ಮುಂದಿನ ತಾರೀಖು ಹಾಕಿ, ಕಂಪನಿ ಮುಚ್ಚಿದ ಸುದ್ದಿಯನ್ನು ಪತ್ರಿಕೆಗೆ ಬರೆಯಿರಿ ಅಂದೆ. ಹಿರಿಯರು ಭೂಕಂಪ, ಶೇರುಪೇಟೆ, ಯುದ್ಧ ಅಂತ ಬರೆದರು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹಾವೇರಿಯ ಹುಡುಗಿ ಬರೆದದ್ದು: "ಅತಿ ಹೆಚ್ಚು ಪಾಲಿಸಿ ತಂದುಕೊಡುವ ಬ್ಯಾಂಕು ಒಪ್ಪಂದ ಮುರಿದು ಎದುರಾಳಿಯ ಜೊತೆ ಹೋಯಿತು. ತನ್ನ ಗ್ರಾಹಕರನ್ನೂ ಕರೆದುಕೊಂಡು ಹೋಯಿತು." ಕೋಣೆ ಮೌನವಾಯಿತು. ನೂರಾ ಹತ್ತು ಪುಟದ ವರದಿಯಲ್ಲಿ ಆ ಬ್ಯಾಂಕಿನ ಹೆಸರು ಬಂದದ್ದು ಒಂದೇ ಸಲ, ಅದೂ ಬೆಳವಣಿಗೆಯ ಅಧ್ಯಾಯದಲ್ಲಿ.

ಇನ್ನೊಂದು, ಅಪ್ಪನ ಪಾಲಿಸಿ ರಿಜಿಸ್ಟರಿನಿಂದ ಕಲಿತದ್ದು. ಅದರಲ್ಲಿ ಕೆಲವು ವರ್ಷಗಳ ಪುಟಗಳಲ್ಲಿ ಕೆಂಪು ಶಾಯಿ ಸಾಲುಸಾಲಾಗಿ ಇರುತ್ತಿತ್ತು. ಲ್ಯಾಪ್ಸ್, ಲ್ಯಾಪ್ಸ್, ಲ್ಯಾಪ್ಸ್. ಅವು ಅಡಿಕೆಗೆ ಕೊಳೆ ಬಂದ ವರ್ಷಗಳು. ಅಪ್ಪನ ಗಿರಾಕಿಗಳು ನೂರೈವತ್ತು ಜನ, ನೂರೈವತ್ತು ಬೇರೆಬೇರೆ ಮನೆ. ಆದರೆ ಎಲ್ಲರ ಪ್ರೀಮಿಯಂ ಹೊರಡುವುದು ಒಂದೇ ಬೆಳೆಯಿಂದ. ಒಬ್ಬ ತಪ್ಪಿದರೆ ಎಲ್ಲರೂ ತಪ್ಪುತ್ತಾರೆ.

ತೈವಾನಿನ ಸಾಮಾನ್ಯ ವಿಮಾ ಕಂಪನಿಗಳಿಗೆ 2022ರಲ್ಲಿ ಆದದ್ದು ಇದೇ. ಕೋವಿಡ್ ಅಲ್ಲಿ ಹತೋಟಿಯಲ್ಲಿದ್ದ ಕಾಲದಲ್ಲಿ ಅವು ಅಗ್ಗದ ಪಾಲಿಸಿ ಮಾರಿದವು. ಅವುಗಳಲ್ಲಿ ಹೆಸರುವಾಸಿಯಾದ ಒಂದಕ್ಕೆ ಪ್ರೀಮಿಯಂ 500 ತೈವಾನ್ ಡಾಲರ್, ಕ್ವಾರಂಟೈನಿಗೆ ಹಾಕಿದರೆ ಸಿಗುವುದು ಒಂದು ಲಕ್ಷ. ಜನ ಸಾಲುಗಟ್ಟಿ ಕೊಂಡರು. ಹಿಂದಿನ ಅಂಕಿಅಂಶದಲ್ಲಿ ಕಾಯಿಲೆಯೇ ಅಪರೂಪ, ಹಾಗಾಗಿ ಲೆಕ್ಕ ಲಾಭವನ್ನೇ ತೋರಿಸಿತು. ಒಮಿಕ್ರಾನ್ ಬಂದಾಗ ಇಡೀ ದ್ವೀಪ ಒಟ್ಟಿಗೇ ಮಲಗಿತು. ಕ್ಲೇಮುಗಳು 20,000 ಕೋಟಿ ತೈವಾನ್ ಡಾಲರ್ ದಾಟಿದವು. ದಶಕಗಟ್ಟಲೆ ಕೂಡಿಟ್ಟ ಬಂಡವಾಳ ತಿಂಗಳುಗಳಲ್ಲಿ ಕರಗಿ, ಒಡೆಯ ಸಂಸ್ಥೆಗಳು ಮತ್ತೆ ಹಣ ಸುರಿಯಬೇಕಾಯಿತು.

ಓರ್ಸಾ ಇದ್ದರೆ ಕಂಪನಿ ಮುಳುಗುವುದಿಲ್ಲವೇ? ಮುಳುಗುತ್ತದೆ. ಕರಡಿಯ ದೇಶದಲ್ಲೇ ಮುಳುಗಿತು. ಇಟಲಿಯ ಯೂರೋವೀಟಾ ಎಂಬ ಜೀವ ವಿಮಾ ಕಂಪನಿ ಸಾಲ್ವೆನ್ಸಿ-2ರ ಅಡಿಯಲ್ಲೇ ಇತ್ತು. 2022ರಲ್ಲಿ ಯುರೋಪಿನ ಬಡ್ಡಿದರ ಸರ್ರನೆ ಏರಿತು. ಕಂಪನಿ ಕೊಂಡಿಟ್ಟ ಹಳೆಯ ಬಾಂಡುಗಳ ಬೆಲೆ ಬಿತ್ತು. ಹೊರಗೆ ಹೆಚ್ಚು ಬಡ್ಡಿ ಸಿಗುವಾಗ ಪಾಲಿಸಿದಾರರು ಸರೆಂಡರ್ ಮಾಡಿ ಹೊರಡುವ ಭಯ ಎದ್ದಿತು. 2023ರ ಫೆಬ್ರುವರಿಯಲ್ಲಿ ನಿಯಂತ್ರಕರು ಸರೆಂಡರ್ ಬಂದ್ ಮಾಡಿದರು, ಅಕ್ಟೋಬರ್ ಕೊನೆಯ ತನಕ. ಸುಮಾರು ಮೂರೂವರೆ ಲಕ್ಷ ಜನರ ದುಡ್ಡು ಒಳಗೆ. ಕೊನೆಗೆ ಐದು ದೊಡ್ಡ ವಿಮಾ ಸಂಸ್ಥೆಗಳು ಸೇರಿ ಕ್ರೋನೋಸ್ ವೀಟಾ ಎಂಬ ಹೊಸ ಕಂಪನಿ ಕಟ್ಟಿ ಪಾಲಿಸಿಗಳನ್ನು ಎತ್ತಿಕೊಂಡವು. ಈಕ್ವಿಟಬಲ್ಲನ್ನು ಕೊಂದದ್ದು ಇಳಿದ ಬಡ್ಡಿ, ಯೂರೋವೀಟಾವನ್ನು ಕೆಡವಿದ್ದು ಏರಿದ ಬಡ್ಡಿ. ಎರಡು ದಶಕ ಎಲ್ಲರೂ ಇಳಿಯುವ ಬಡ್ಡಿಗೇ ಹೆದರಿ ಕೂತಿದ್ದರು. ನಾನು ಬರೆದ ವರದಿಗಳಲ್ಲೂ ಬಡ್ಡಿ ಏರುವ ಪುಟ ತೆಳ್ಳಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ನಮ್ಮ ದೇಶದ ಮಾತು. ಅಂತರರಾಷ್ಟ್ರೀಯ ವಿಮಾ ಮೇಲ್ವಿಚಾರಕರ ಸಂಘದ 16ನೇ ತತ್ವ ಓರ್ಸಾ ಬೇಕು ಅನ್ನುತ್ತದೆ, ಭಾರತ ಆ ಸಂಘದ ಸದಸ್ಯ. ಸ್ಥಿರ ಸೂತ್ರದ ಬದಲು ಅಪಾಯ ನೋಡಿ ಬಂಡವಾಳ ಕಟ್ಟುವ ಪದ್ಧತಿಗೆ ಐಆರ್‌ಡಿಎಐ ಹಲವು ವರ್ಷಗಳಿಂದ ತಯಾರಿ ನಡೆಸಿದೆ. ಅಷ್ಟರಲ್ಲಿ ಹಳೆಯ ಸೂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಅನ್ನುವುದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಈ ಮೂರು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳಿಗೆ 2019-20ರಿಂದ ಮೂರು ವರ್ಷಗಳಲ್ಲಿ ಕೇಂದ್ರ ಸರ್ಕಾರ 17,450 ಕೋಟಿ ರೂಪಾಯಿ ಸುರಿಯಿತು. 2024ರ ಮಾರ್ಚ್ ಕೊನೆಗೆ ಮೂರರ ಸಾಲ್ವೆನ್ಸಿ ಅನುಪಾತವೂ 1.5 ಹಾಗಿರಲಿ, ಸೊನ್ನೆಗಿಂತ ಕೆಳಗಿತ್ತು. ಅಪ್ಪನ ಮಾತಿಗೆ ಆಧಾರವಾಗಿದ್ದ 37ನೇ ಸೆಕ್ಷನ್ ಇವಕ್ಕಿಲ್ಲ, ಅದು ಎಲ್‌ಐಸಿಗೆ ಮಾತ್ರ. ಬ್ಯಾಂಕಿನ ಠೇವಣಿಗೆ ಐದು ಲಕ್ಷದ ತನಕ ವಿಮೆ ಇದೆ. ವಿಮೆಗೇ ವಿಮೆ ಇಲ್ಲ.

ಎಲ್ಲ ವಿಮಾ ಕಂಪನಿಗಳೂ ಮೂರು ತಿಂಗಳಿಗೊಮ್ಮೆ ಸಾಲ್ವೆನ್ಸಿ ಅನುಪಾತವನ್ನು ತಮ್ಮ ಜಾಲತಾಣದ 'ಪಬ್ಲಿಕ್ ಡಿಸ್‌ಕ್ಲೋಶರ್' ವಿಭಾಗದಲ್ಲಿ ಹಾಕಲೇಬೇಕು. ಪಾಲಿಸಿ ಕೊಳ್ಳುವ ಮುನ್ನ ಅಲ್ಲಿ ನೋಡಿ. ಒಂದು ತ್ರೈಮಾಸಿಕದ ಅಂಕಿ ಸಾಲದು, ಮೂರು ವರ್ಷದ್ದು ಸಾಲಾಗಿ ಬರೆದುಕೊಳ್ಳಿ, ಮೆಟ್ಟಿಲು ಇಳಿಯುತ್ತಿದೆಯೇ ಏರುತ್ತಿದೆಯೇ ಗೊತ್ತಾಗುತ್ತದೆ. ಎರಡರ ಮೇಲಿದೆ ಅಂತ ಕುಣಿಯಬೇಕಾಗಿಯೂ ಇಲ್ಲ, 1.6 ಇದೆ ಅಂತ ಓಡಬೇಕಾಗಿಯೂ ಇಲ್ಲ.

ಆದರೆ ಓರ್ಸಾ ನಿಮಗೆ ಸಿಗುವುದಿಲ್ಲ. ಯುರೋಪಿನಲ್ಲಿ ಅದು ಕಂಪನಿ ಮತ್ತು ನಿಯಂತ್ರಕರ ನಡುವಿನ ಕಾಗದ. ಅಮೆರಿಕದ ಮಾದರಿ ಕಾಯ್ದೆಯಲ್ಲಂತೂ ಗೋಪ್ಯ ಅಂತಲೇ ಬರೆದಿದೆ. ಕಾರಣ ಇದೆ: ಎಲ್ಲರೂ ಓದುತ್ತಾರೆ ಅಂತ ಗೊತ್ತಾದರೆ ಯಾರೂ ನಿಜ ಬರೆಯುವುದಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಆ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪ್ರಶ್ನೆ ಕೇಳಿದ್ದು ಜಗಲಿಯಲ್ಲಿ ಕೂತವರು, ಉತ್ತರ ಹೋಗುವುದು ಏಳನೇ ಮಹಡಿಯಿಂದ ಇನ್ನೊಂದು ಏಳನೇ ಮಹಡಿಗೆ. ನಮ್ಮ ದೇಶದಲ್ಲಿ ಈ ನಿಯಮ ಬರೆಯುವಾಗ ಹೈದರಾಬಾದಿನವರು ಒಂದು ಸಾಲು ಸೇರಿಸಲಿ: ಪೂರ್ತಿ ವರದಿ ನಿಮ್ಮಲ್ಲೇ ಇರಲಿ, ಆದರೆ ಈ ಕಂಪನಿಯನ್ನು ಮುಳುಗಿಸಬಹುದಾದ ಮೂರು ಸಂಗತಿಗಳು ಯಾವುವು, ಅವಕ್ಕೆ ಏನು ತಯಾರಿ ಮಾಡಿಕೊಂಡಿದೆ ಎಂಬುದನ್ನು ಪಾಲಿಸಿದಾರನಿಗೆ ಎರಡು ಪುಟದಲ್ಲಿ ಹೇಳಬೇಕು. ಪಾಲಿಸಿ ಮಾರಿದ ಭಾಷೆಯಲ್ಲೇ ಹೇಳಬೇಕು. ನಮ್ಮೂರಿನಲ್ಲಿ ಮಾರಿದ್ದರೆ ಕನ್ನಡದಲ್ಲಿ.